ಬಾಗಿಲು ಮಾತ್ರ ಬಾಕಿ

ನಮ್ಮ ಊರಿನಲ್ಲಿ ಮನೆ ಕಟ್ಟುವುದಿಲ್ಲ, ಅಂಟಿಸುತ್ತೇವೆ. ಇಟ್ಟಿಗೆ ಗಾರೆ ನಮ್ಮ ಮಣ್ಣಿಗೆ ಒಗ್ಗುವುದಿಲ್ಲ; ಸಂಜೆ ಎಬ್ಬಿಸಿದ ಗೋಡೆ ಬೆಳಗಾಗುವಷ್ಟರಲ್ಲಿ ಉದ್ದಕ್ಕೆ ಮಲಗಿರುತ್ತದೆ. ಆದ್ದರಿಂದ ಬೋರಲಿಂಗಯ್ಯನವರ ಅಂಗಡಿಗೆ ಹೋಗಿ ಮನೆಯ ಕಿಟ್ಟು ಬುಕ್ ಮಾಡಬೇಕು. ಅದು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಒಳಗೆ ಗೋಡೆ, ಹೆಂಚು, ಕಿಟಕಿ, ಮೆಟ್ಟಿಲು ಎಲ್ಲವೂ ಪುಟ್ಟ ಪುಟ್ಟ ಪ್ಲಾಸ್ಟಿಕ್ ತುಂಡುಗಳಾಗಿ ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಬ್ಲೇಡಿನಿಂದ ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ, ಮೊರದಲ್ಲಿ ಹಿಡಿಸುವಂಥ ಮನೆ ಮಾಡಿಕೊಂಡು, ಸಂಜೆ ನಮ್ಮ ಸೈಟಿನ ನಡುವೆ ಇಟ್ಟು ಒಂದು ಚೊಂಬು ನೀರು ಚಿಮುಕಿಸಿ ಬಂದರೆ ಆಯಿತು, ಬೆಳಿಗ್ಗೆ ಅಲ್ಲಿ ಮನೆ ನಿಂತಿರುತ್ತದೆ. ಹೇಗೆ ಅಂತ ಕೇಳುವವರು ಬೇರೆ ಊರಿನವರು. ನಮಗೆ ಅದಕ್ಕೆ ಪುರುಸೊತ್ತಿಲ್ಲ. ನಾವು ಕೇಳುವುದು ಯಾವಾಗ ಅಂತ.

ಅಂಟಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು. ಪುಟ್ಟ ಮನೆಯಲ್ಲಿ ಏನಿರುತ್ತದೋ ಅದೆಲ್ಲ ಮನೆಯ ಜೊತೆಗೇ ಬೆಳೆದುಬಿಡುತ್ತದೆ. ಊರಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರ ಮನೆಯ ಮುಂದಿನ ಗೋಡೆಯಲ್ಲಿ ಊಟದ ಮೇಜಿನಷ್ಟು ದೊಡ್ಡ ಹೆಬ್ಬೆಟ್ಟಿನ ಗುರುತಿದೆ; ಬಣ್ಣ ಹಸಿಯಿದ್ದಾಗ ಅವರೇ ಒತ್ತಿದ್ದು. ಹಾಲಿನಂಗಡಿಯವರು ಉಪ್ಪಿಟ್ಟು ತಿನ್ನುತ್ತಾ ಅಂಟಿಸಿದ್ದಕ್ಕೆ ಅವರ ಪಡಸಾಲೆಯ ಗೋಡೆಯಲ್ಲಿ ತೆಂಗಿನಕಾಯಿ ಗಾತ್ರದ ಸಾಸಿವೆ ಕಾಳು ಉಳಿದುಕೊಂಡಿದೆ. ಅದಕ್ಕೆ ಕೊಡೆ ತೂಗುಹಾಕುತ್ತಾರೆ. ಹೂವಿನ ಸುಬ್ಬಕ್ಕನ ತಲೆಗೂದಲೊಂದು ಸೂರಿಗೆ ಅಂಟಿಕೊಂಡುಬಿಟ್ಟು, ಈಗ ನಡುಮನೆಯ ಅಡ್ಡಕ್ಕೆ ಹಗ್ಗದ ಹಾಗೆ ನಿಂತಿದೆ. ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಅಷ್ಟು ಅನುಕೂಲ ಇನ್ನೊಂದಿಲ್ಲ ಎಂದು ಆಕೆ ಬಂದವರಿಗೆಲ್ಲ ತೋರಿಸುತ್ತಾಳೆ.

ನಮ್ಮ ಅತ್ತೆ ಚಿಕ್ಕತಾಯಮ್ಮನವರು ಹುಟ್ಟಿದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದವರು. ಬಾಡಿಗೆ ಮನೆ ಎಂದರೆ ಯಾರೋ ಅಂಟಿಸಿದ ಮನೆ; ಅವರು ಮಾಡಿದ ತಪ್ಪುಗಳ ಒಳಗೆ ನಾವು ಸಂಸಾರ ಮಾಡಬೇಕು. ನಾವಿದ್ದ ಮನೆಯ ಬಚ್ಚಲ ಬಾಗಿಲು ತಲೆಕೆಳಗಾಗಿ ಅಂಟಿ, ಚಿಲಕ ಪಾದದ ಹತ್ತಿರ ಇತ್ತು. ಒಂದೊಂದು ಸಲ ಬಗ್ಗಿ ಚಿಲಕ ಹಾಕುವಾಗಲೂ ಅತ್ತೆ ಮನೆಯೊಡತಿಗೆ ಒಂದೊಂದು ಮಂಗಳಾರತಿ ಎತ್ತುತ್ತಿದ್ದರು. ಅದಕ್ಕಿಂತ ದೊಡ್ಡ ಸಂಕಟ ಮೊಳೆಯದು. ಬಾಡಿಗೆಯವರು ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅತ್ತೆಯ ಮದುವೆಯ ಫೋಟೋ, ಮಾವನವರು ನಿಂತು ಅತ್ತೆ ಕುರ್ಚಿಯಲ್ಲಿ ಕೂತದ್ದು, ಹಳೇ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿತ್ತು. ಮಾವನವರು ಹೋಗಿ ಎಷ್ಟೋ ಕಾಲವಾದರೂ ಅವರಿಗೆ ಗೋಡೆ ಹತ್ತುವ ಯೋಗ ಬಂದಿರಲಿಲ್ಲ.

"ನನ್ ಗೋಡೆಗೆ ನಾನೇ ಒಂದು ಮೊಳೆ ಹೊಡೀಬೇಕು ಕಣೇ ಮಂಗಳಾ," ಎನ್ನುತ್ತಿದ್ದರು ಅತ್ತೆ. "ಒಂದು ರಾತ್ರಿ ನನ್ ಮನೇಲಿ ಮಲಗಿದ್ರೆ ಸಾಕು. ಆಮೇಲೆ ಆ ಭಗವಂತ ಯಾವಾಗ ಕರೆದ್ರೂ ಎದ್ದು ಹೊರಟೆ."

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಬೋರಲಿಂಗಯ್ಯನವರ ಅಂಗಡಿಯ ಬಣ್ಣದ ಪುಸ್ತಕದಲ್ಲಿ ಅತ್ತೆ ಒಂದು ಚಿತ್ರದ ಮೇಲೆ ಬೆರಳಿಟ್ಟರು. ಜೋಡಿ ಜಗಲಿ ಮನೆ. ಮುಂಬಾಗಿಲಿನ ಎರಡೂ ಪಕ್ಕ ಜಗಲಿ, ಮೇಲೆ ಕೆಂಪು ಹೆಂಚು. "ಇದೇ," ಎಂದರು. "ಒಂದು ಜಗಲಿ ನಂಗೆ, ಇನ್ನೊಂದು ನನ್ ಹತ್ರ ಮಾತಾಡೋಕೆ ಬಂದೋರಿಗೆ." ಅದು ಇನ್ನೂ ಬಿಡುಗಡೆಯಾಗಿರಲಿಲ್ಲ. ದೀಪಾವಳಿಗೆ ಖಂಡಿತ ಬರುತ್ತದೆ ಎಂದು ಬೋರಲಿಂಗಯ್ಯ ಹೆಸರು ಬರೆದುಕೊಂಡರು. ಯಾವ ವರ್ಷದ ದೀಪಾವಳಿ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ನಮ್ಮೂರಿನಲ್ಲಿ ಕಿಟ್ಟು ಬುಕ್ ಮಾಡಿ ನೋಡಿರಲಿಲ್ಲ.

ದೀಪಾವಳಿಗಳು ಬಂದವು, ಪಟಾಕಿ ಹೊಡೆದು ಹೋದವು. ಕಿಟ್ಟು ಬರಲಿಲ್ಲ. ಒಂದು ವರ್ಷ ಅಚ್ಚು ಬಿರುಕುಬಿಟ್ಟಿತು. ಇನ್ನೊಂದು ವರ್ಷ ಹೆಂಚಿನ ಕೆಂಪು ಕಂಪನಿಯ ದೊಡ್ಡ ಸಾಹೇಬರಿಗೆ ಹಿಡಿಸಲಿಲ್ಲ. ಆಮೇಲೆ ಎಲ್ಲ ತಯಾರಾಗಿ, ಪೆಟ್ಟಿಗೆಯ ಮುಚ್ಚಳಕ್ಕೆ ಚಿತ್ರ ಬರೆಯುವ ಕಲಾವಿದ ಹೆಂಡತಿಯ ಜೊತೆ ಜಗಳವಾಡಿ ಊರು ಬಿಟ್ಟ. ಕಂಪನಿ ಮಾತ್ರ ಸುಮ್ಮನೆ ಕೂತಿರಲಿಲ್ಲ. ಯಾರೂ ಕೇಳದ ಬಸ್ ತಂಗುದಾಣದ ಕಿಟ್ಟುಗಳನ್ನು ರಾಶಿ ರಾಶಿ ಕಳಿಸುತ್ತಿತ್ತು. ಕಾದು ಕಾದು ರೋಸಿಹೋದವರು ಸಿಕ್ಕಿದ್ದೇ ಸೀರುಂಡೆ ಎಂದು ಅದನ್ನೇ ಕೊಂಡು ಅಂಟಿಸಿಕೊಂಡರು. ಹೀಗಾಗಿ ಬಸ್ಸೇ ಬರದ ನಮ್ಮೂರಿನಲ್ಲಿ ಬೀದಿಗೆ ನಾಲ್ಕು ಬಸ್ ತಂಗುದಾಣಗಳಿವೆ, ಪ್ರತಿಯೊಂದರಲ್ಲೂ ಒಂದೊಂದು ಸಂಸಾರ. ಹೊರಗಿನ ಊರಿನವರು ಬಂದು ಅವರ ಪಡಸಾಲೆಯಲ್ಲಿ ಕೂತು ಬಸ್ಸಿಗೆ ಕಾಯುತ್ತಾರೆ. ಮನೆಯವರು ಪಾಪ ಕಾಫಿ ಕೊಟ್ಟು, ಬಸ್ಸಿಲ್ಲ ಎಂದು ತಿಳಿಹೇಳಿ ಕಳಿಸುತ್ತಾರೆ.

ಸೋಮವಾರ ಪಾರ್ಸಲ್ ಲಾರಿ ಬರುವ ದಿನ. ಅಂದು ಬುಕ್ ಮಾಡಿದವರೆಲ್ಲ ಅಂಗಡಿಯ ಮುಂದೆ ಸೇರುತ್ತಿದ್ದೆವು. ಲಾರಿಯಿಂದ ನಮ್ಮ ಪೆಟ್ಟಿಗೆ ಇಳಿಯದಿದ್ದಾಗ ಬಯ್ಯಲು ಸರದಿ. ಬೋರಲಿಂಗಯ್ಯ ಮೆತ್ತನೆಯ ಮನುಷ್ಯ, ಹೆಗಲ ಮೇಲೆ ಯಾವಾಗಲೂ ಒಂದು ವಲ್ಲಿ. ಬಯ್ಯುವವರಿಗೆಂದೇ ಒಂದು ಸ್ಟೂಲು ಹಾಕಿಸಿ, ಬೇಸಿಗೆಯಲ್ಲಿ ಮಜ್ಜಿಗೆ ಕೂಡ ಇಡುತ್ತಿದ್ದರು. ಬೈಗುಳ ಮುಗಿಯುವವರೆಗೆ ತಲೆ ಬಗ್ಗಿಸಿ ಕೇಳಿ, "ಮುಗೀತಾ ತಾಯೀ? ಹಾಗಾದ್ರೆ ಮುಂದಿನೋರು ಬರ್ಲಿ," ಎನ್ನುತ್ತಿದ್ದರು. ಬಯ್ಯುವವರಲ್ಲೆಲ್ಲ ನಾನು ಹೆಸರುವಾಸಿ. ನನ್ನ ಸರದಿ ಬಂದಾಗ ಪಕ್ಕದ ಸೈಕಲ್ ಶಾಪಿನವರೂ ಕೆಲಸ ನಿಲ್ಲಿಸಿ ಕೇಳುತ್ತಿದ್ದರು.

ಗುಟ್ಟು ಏನೆಂದರೆ ಆ ಬೈಗುಳ ನನ್ನದಲ್ಲ, ಅತ್ತೆಯದು. ಅವರಿಗೆ ಮಂಡಿನೋವು, ಹತ್ತು ಹೆಜ್ಜೆ ನಡೆದರೆ ಕೂರಬೇಕು. ಅಂಗಡಿಗೆ ನಾನೇ ಹೋಗಬೇಕಿತ್ತು. ಹಿಂದಿನ ದಿನವೇ ಅವರೇಕಾಯಿ ಬಿಡಿಸುತ್ತಾ ಅತ್ತೆ ಪಾಠ ಹೇಳಿಕೊಡುತ್ತಿದ್ದರು. ಬಂದ ಮೇಲೆ ಒಪ್ಪಿಸಬೇಕು.

"ಏನಂದೆ ಇವತ್ತು?"

"ನಿಮ್ ಮಾತು ನೀರ್ ಮೇಲಿನ್ ಗುಳ್ಳೆ ಅಂದೆ ಅತ್ತೆ."

"ಅಷ್ಟೇನಾ? ಅವನ ಮುಖ ಹೆಂಗಿತ್ತು?"

"ಸಪ್ಪಗಿತ್ತು."

"ಸಪ್ಪಗಿದ್ರೆ ಸಾಲ್ದು. ಹುಳ್ಳಗಾಗ್ಬೇಕು. ಮುಂದಿನ್ ವಾರ 'ನಿಮ್ ಮಗಳ ಮದುವೆಗೆ ಇದೇ ಕಂಪನಿಯೋರಿಗೇ ಮಂಟಪ ಹೇಳಿ' ಅನ್ನು."

ನಮ್ಮವರು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಾರೆ. ಮದುವೆಯ ಕಾಲದಲ್ಲಿ ಊರೂರು ಸುತ್ತುತ್ತಾ ಮನೆಯಲ್ಲಿ ಇರುವುದೇ ಕಡಿಮೆ. ನನಗೆ ಮಕ್ಕಳಾಗಲಿಲ್ಲ. ತವರಿನ ಕಡೆಯೂ ಯಾರೂ ಉಳಿದಿಲ್ಲ. ಹೀಗೆ ನಾವಿಬ್ಬರೂ ಕೂತು ಬೋರಲಿಂಗಯ್ಯನವರಿಗೆ ಬೈಗುಳ ಹೊಸೆಯುತ್ತಾ ನಗುತ್ತಿದ್ದ ಸಂಜೆಗಳೇ ನನ್ನ ಸಂಸಾರ. ಇದು ನನಗೆ ಆಗ ಗೊತ್ತಿರಲಿಲ್ಲ. ಕಿಟ್ಟು ಬರಲಿಲ್ಲ ಎಂಬ ಸಿಟ್ಟೊಂದೇ ಗೊತ್ತಿತ್ತು.

ಗೊತ್ತಾದದ್ದು ನಿವೃತ್ತ ಕಾಂಪೌಂಡರ್ ರಾಮಲಿಂಗು ತೀರಿಕೊಂಡಾಗ. ಅವರು ಬಹಳ ಕಾಲ ಕಾದಿದ್ದ ಕಮಾನಿನ ಮನೆಯ ಕಿಟ್ಟು ಬಂದು, ಗೃಹಪ್ರವೇಶದ ಹೋಳಿಗೆ ಇನ್ನೂ ನಮ್ಮ ಬಾಯಲ್ಲಿರುವಾಗಲೇ ಹೋಗಿಬಿಟ್ಟರು. ಅದೇ ತಿಂಗಳು ನೇಕಾರರ ಬೀದಿಯ ಅಜ್ಜಿಯೊಬ್ಬರು ಹೊಸ ಮನೆಯಲ್ಲಿ ಹಾಲುಕ್ಕಿಸಿ ಮಲಗಿದವರು ಏಳಲಿಲ್ಲ. ಸೋಮವಾರದ ಸರದಿಯಲ್ಲಿ ನಾನು ನಿಂತಿದ್ದಾಗ, ಅಲ್ಲೇ ಹೂ ಮಾರುತ್ತಿದ್ದ ಸುಬ್ಬಕ್ಕ ಮೊಗ್ಗು ಕಟ್ಟುತ್ತಾ ವಿವರಿಸಿದಳು.

"ಅದ್ರಲ್ಲೇನಿದೆ ಮಂಗಳಕ್ಕಾ. ಬಾಡಿಗೆ ಮನೆಯೋರ್ನ ಯಮಂಗೂ ಹುಡ್ಕೋಕಾಗಲ್ಲ. ಇವತ್ತು ಈ ಬೀದಿ, ನಾಳೆ ಆ ಬೀದಿ. ಅವ್ನು ಬರೋದ್ರೊಳಗೆ ಖಾಲಿ ಮಾಡಿರ್ತಾರೆ. ಸ್ವಂತ ಮನೆ ಆದ್ರೆ ವಿಳಾಸ ಖಾಯಂ ಅಲ್ವಾ? ಸೀದಾ ಬರ್ತಾನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಂದು ನನ್ನ ಸರದಿಯಲ್ಲಿ ಸ್ಟೂಲಿನ ಮೇಲೆ ಕೂತಾಗ ಬಾಯಿಗೆ ಒಂದು ಮಾತೂ ಬರಲಿಲ್ಲ. ಒಂದು ರಾತ್ರಿ ಸಾಕು ಎನ್ನುವ ಅತ್ತೆಯ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಬೋರಲಿಂಗಯ್ಯ ಗಾಬರಿಯಾಗಿ, "ಮೈ ಹುಷಾರಿಲ್ವಾ ತಾಯೀ?" ಎಂದು ಎರಡು ಲೋಟ ಮಜ್ಜಿಗೆ ಕೊಟ್ಟರು. ಕಿಟ್ಟು ಬರುವುದು ತಡವಾದಷ್ಟೂ ಒಳ್ಳೆಯದು ಎಂದು ನನಗೆ ಅನ್ನಿಸಿದ್ದು ಅವತ್ತೇ ಮೊದಲು. ಮನೆಗೆ ಬಂದು ಅತ್ತೆಗೆ ಒಂದು ಸುಳ್ಳು ಬೈಗುಳ ಒಪ್ಪಿಸಿದೆ.

ಬೇಡ ಎಂದಾಗಲೇ ಬರುವುದು ಲೋಕರೂಢಿ. ಮುಂದಿನ ಸೋಮವಾರ ನಾನು ಸರದಿಗೆ ಹೋಗದೆ ಮನೆಯಲ್ಲಿ ಉಳಿದಿದ್ದೆ. ಬೋರಲಿಂಗಯ್ಯನವರೇ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಬೀದಿಯುದ್ದಕ್ಕೂ ಜನರಿಗೆ ತೋರಿಸುತ್ತಾ ಬಂದರು. ಮುಖ ಅರಳಿತ್ತು. ಇಷ್ಟು ವರ್ಷದ ಬೈಗುಳಕ್ಕೆಲ್ಲ ಒಂದು ಒಳ್ಳೆಯ ಮಾತು ಸಿಗುತ್ತದೆ ಎಂದು ಕಾದು ನಿಂತರು.

"ಇಷ್ಟು ಬೇಗ ಯಾಕ್ರೀ ಬಂತು?" ಎಂದೆ.

ಅವರು ಪೆಟ್ಟಿಗೆಯನ್ನು ಕೆಳಗಿಳಿಸಿದರು. ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಪೆಟ್ಟಿಗೆಯ ಮುಚ್ಚಳ ಸವರಿದರು, ಮೂಗಿನ ಹತ್ತಿರ ತಂದು ಮೂಸಿದರು. ಬೋರಲಿಂಗಯ್ಯನವರನ್ನು ಒಂದು ಮಾತೂ ಬಯ್ಯದೆ ಕಣ್ಣು ತುಂಬಿಕೊಂಡರು. ನನಗೆ ಅದನ್ನು ನೋಡಲಾಗಲಿಲ್ಲ, ಅಡುಗೆಮನೆಗೆ ಹೋದೆ.

ಅತ್ತೆಯ ಕೈ ನಡುಗುತ್ತದೆ, ಕಣ್ಣು ಮಬ್ಬು. ಅಂಟಿಸುವ ಕೆಲಸ ನನ್ನದೇ. ನಾನು ಇಡೀ ಊರಿನಲ್ಲಿ ಯಾರೂ ಅಂಟಿಸದಷ್ಟು ನಿಧಾನವಾಗಿ ಅಂಟಿಸಿದೆ. ಒಂದು ಕಿಟಕಿಗೆ ಒಂದು ವಾರ. ಬೆಳಿಗ್ಗೆ ಕಾಫಿಯಾದ ಕೂಡಲೇ ಅತ್ತೆ ನನ್ನ ಎದುರು ಬಂದು ಕೂರುತ್ತಿದ್ದರು.

"ಎಲ್ಲೀವರೆಗೆ ಬಂತು?"

"ಅಂಟು ಒಣಗ್ಬೇಕು ಅತ್ತೆ. ಮೋಡ ಇದೆ."

"ನಿನ್ನೇನೂ ಅದೇ ಅಂದೆ."

"ನಿನ್ನೇನೂ ಮೋಡ ಇತ್ತು."

ಹೆಂಚಿನ ಕೆಂಪು ಸರಿಬರಲಿಲ್ಲ ಎಂದು ಉಜ್ಜಿ ತೆಗೆದು ಮತ್ತೆ ಹಚ್ಚಿದೆ. ಬ್ಲೇಡು ಮೊಂಡಾಯಿತು ಎಂದೆ. ಕಾಗದದಲ್ಲಿರುವ ಚಿತ್ರ ತಿಳಿಯುತ್ತಿಲ್ಲ, ತಿಳಿದವರನ್ನು ಕೇಳಬೇಕು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ನಗು ಬರುತ್ತಿತ್ತು, ನನ್ನ ಬಾಯಲ್ಲಿ ಸಾಕ್ಷಾತ್ ಬೋರಲಿಂಗಯ್ಯ ಕೂತಿದ್ದರು. ಅತ್ತೆ ತಮ್ಮ ಬತ್ತಳಿಕೆಯ ಬಾಣಗಳನ್ನೆಲ್ಲ ನನ್ನ ಮೇಲೇ ಬಿಟ್ಟರು. ಅಷ್ಟು ವರ್ಷ ನಾನು ಬೇರೆಯವರಿಗೆ ತಲುಪಿಸಿದ ಮಾತುಗಳು ಇಷ್ಟು ಚುರುಕು ಎಂದು ತಿಂದು ನೋಡಿದಾಗಲೇ ತಿಳಿದದ್ದು. "ನಿನ್ ಕೈಗೆ ಕೊಟ್ಟಿದ್ರೆ ಲಂಕೆಗೆ ಸೇತುವೇನೇ ಆಗ್ತಿರ್ಲಿಲ್ಲ," ಎಂದರು ಒಂದು ದಿನ. ನಾನು ಬೋರಲಿಂಗಯ್ಯನವರ ಹಾಗೆ ತಲೆ ಬಗ್ಗಿಸಿ ಕೇಳಿದೆ.

ಎಷ್ಟು ನಿಧಾನಿಸಿದರೂ ತುಂಡುಗಳು ಮುಗಿಯುತ್ತವಲ್ಲ. ಗೋಡೆ ನಿಂತಿತು, ಹೆಂಚು ಕೂತಿತು, ಎರಡೂ ಜಗಲಿ ಬಂದವು. ಮುಂಬಾಗಿಲು ಒಂದು ಉಳಿಯಿತು. ಬೆರಳಿನ ಗೆಣ್ಣಿನಷ್ಟಿದ್ದ ಆ ಬಾಗಿಲನ್ನು ಚೌಕಟ್ಟಿನಿಂದ ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಆಮೇಲೆ ಕಾಫಿಪುಡಿಯ ಡಬ್ಬಿಯ ತಳದಲ್ಲಿ ಹೂತುಬಿಟ್ಟೆ.

"ಬಾಗಿಲೇ ಇಲ್ಲ ಅತ್ತೆ. ಕಂಪನಿಯೋರು ಹಾಕೋಕೆ ಮರ್ತಿದ್ದಾರೆ."

ಅತ್ತೆ ಕೆಂಡವಾದರು. "ಬಾಗಿಲಿಲ್ದೆ ಮನೆ ಕಳಿಸ್ತಾರಾ? ಹೋಗು, ಈಗ್ಲೇ ಹೋಗು. ಇವತ್ತು ಸೋಮವಾರ ಅಲ್ದಿದ್ರೂ ಪರವಾಗಿಲ್ಲ. ಬಯ್ದು ಬಾ."

ಹೋದೆ. ಬಯ್ಯಲು ಅಲ್ಲ, ಬೇಡಿಕೊಳ್ಳಲು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಮ್ಮ ಅತ್ತೆ ಯಾರ ಕೈಯಲ್ಲಾದರೂ ಕೇಳಿಸಿದರೆ ಬಾಗಿಲು ಬಂದಿಲ್ಲ, ಬರೆದು ಹಾಕಿದ್ದೇವೆ ಎಂದು ಹೇಳಿ ಎಂದೆ. ಕಾರಣವನ್ನೂ ಹೇಳಿದೆ. ಬೋರಲಿಂಗಯ್ಯ ವಲ್ಲಿಯಿಂದ ಮುಖ ಒರೆಸಿಕೊಂಡರು.

"ತಾಯೀ, ನಿಮ್ ಸಂಕಟ ಅರ್ಥವಾಗುತ್ತೆ," ಎಂದರು. "ಆದ್ರೆ ಇಷ್ಟು ವರ್ಷ ಇಲ್ಲದ್ದನ್ನ ಬರುತ್ತೆ ಬರುತ್ತೆ ಅಂತ ಹೇಳ್ಕೊಂಡು ಬದುಕ್ದೋನು ನಾನು. ಈಗ ಒಂದೇ ಒಂದು ಪೆಟ್ಟಿಗೆ ಒಂದು ತುಂಡೂ ಕಮ್ಮಿ ಇಲ್ದೆ ಬಂದಿದೆ. ಬಂದದ್ದನ್ನ ಬಂದಿಲ್ಲ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ. ಅಂಗಡಿಗೆ ಒಂದು ಮಾನ ಬೇಡ್ವಾ?"

ಬರಿಗೈಯಲ್ಲಿ ವಾಪಸಾದೆ. ಅತ್ತೆ ಜಗಲಿಯಿಲ್ಲದ ಬಾಡಿಗೆ ಮನೆಯ ಹೊಸ್ತಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಕಾಫಿ ಲೋಟ. ನಾನು ಹತ್ತಿರ ಹೋಗುತ್ತಲೇ ಲೋಟ ನನ್ನ ಕಡೆ ಸರಿಸಿದರು.

"ಕುಡಿದು ನೋಡು."

ಕುಡಿದೆ.

"ಪ್ಲಾಸ್ಟಿಕ್ಕಿನ ವಾಸನೆ ಬರ್ತಿಲ್ವಾ?" ಎಂದರು ಅತ್ತೆ. "ಕಣ್ಣು ಮಬ್ಬು ಕಣೇ ನಂಗೆ. ಮೂಗು ಸರಿಯಾಗೇ ಇದೆ."

ಎದುರಿಗೆ ಮೊಣಕಾಲೂರಿ ಕೂತುಬಿಟ್ಟೆ. ಸುಳ್ಳು ಹೇಳಲು ಇನ್ನು ಏನೂ ಉಳಿದಿರಲಿಲ್ಲ. ರಾಮಲಿಂಗು ಕಾಂಪೌಂಡರ್ ಹೋದದ್ದು, ನೇಕಾರರ ಬೀದಿಯ ಅಜ್ಜಿ ಹೋದದ್ದು, ಸುಬ್ಬಕ್ಕ ಹೇಳಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. "ಒಂದು ರಾತ್ರಿ ಸಾಕು ಅಂತ ನೀವೇ ದಿನಾ ಅಂತಿದ್ರಲ್ಲ ಅತ್ತೆ. ನೀವು ಹೋಗ್ಬಿಟ್ರೆ ನಾನ್ಯಾರ ಹತ್ರ ಬಯ್ಸಿಕೊಳ್ಳಲಿ? ನಂಗೆ ನೀವು ಬೇಕು. ಮನೆ ಬೇಡ," ಎಂದು ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ನಾನು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು. ಒರೆಸಿದ್ದೂ ಗದರಿಸಿದ ಹಾಗೇ ಇತ್ತು.

"ದಡ್ಡಿ. ಸಾಯೋಕೆ ಯಾರಾದ್ರೂ ಜೋಡಿ ಜಗಲಿ ಕೇಳ್ತಾರಾ? ಒಂದು ರಾತ್ರಿ ಸಾಕು ಅಂದಿದ್ದು ದೇವ್ರ ಹತ್ರ ಚೌಕಾಸಿ ಕಣೇ. ಜಾಸ್ತಿ ಕೇಳಿದ್ರೆ ಕೊಡಲ್ಲ ಅಂತ ಕಮ್ಮಿ ಇಂದ ಶುರು ಮಾಡ್ದೆ. ಸಂತೇಲಿ ಸೊಪ್ಪು ಕೊಳ್ಳೋವಾಗ ನೀನು ಮಾಡಲ್ವಾ?" ಸೆರಗು ಕೊಡವಿ ಹೆಗಲಿಗೆ ಹಾಕಿಕೊಂಡರು. "ಹೆದ್ರಿಕೆ ನಂಗಿಲ್ಲ ಅನ್ಕೊಂಡ್ಯಾ? ಇದೆ. ಆದ್ರೂ ನನ್ ಬಾಗಿಲು ನಂಗೆ ಬೇಕು. ತಗೊಂಡ್ಬಾ."

ತಂದುಕೊಟ್ಟೆ. ಈ ತುಂಡು ಮಾತ್ರ ನಾನೇ ಅಂಟಿಸುತ್ತೇನೆ ಎಂದು ಹಟ ಹಿಡಿದರು. ನಡುಗುವ ಕೈಯಲ್ಲಿ, ಬಾಯಿ ಒಂದು ಕಡೆ ಸೊಟ್ಟ ಮಾಡಿಕೊಂಡು ಅಂಟಿಸಿದರು. ಬಾಗಿಲು ಎಡಕ್ಕೆ ವಾಲಿತು. ಕಾಫಿಪುಡಿಯನ್ನು ಒರೆಸುವುದು ನಮಗಿಬ್ಬರಿಗೂ ಹೊಳೆಯಲಿಲ್ಲ. ಆ ಸಂಜೆಯೇ ಪುಟ್ಟ ಮನೆಯನ್ನು ಸೈಟಿನಲ್ಲಿಟ್ಟು ನೀರು ಚಿಮುಕಿಸಿದೆವು.

ಬೆಳಿಗ್ಗೆ ಜೋಡಿ ಜಗಲಿ ಮನೆ ನಿಂತಿತ್ತು. ಚಿತ್ರದಲ್ಲಿದ್ದಂತೆಯೇ, ಬಾಗಿಲೊಂದನ್ನು ಬಿಟ್ಟು. ಬಾಗಿಲಿನ ಮೈತುಂಬ ಮುಷ್ಟಿ ಗಾತ್ರದ ಕಾಫಿಪುಡಿಯ ಕಂದು ಗಂಟುಗಳು ಎದ್ದಿದ್ದವು, ಬೀದಿಯ ತುದಿಯವರೆಗೂ ಘಮ್ಮೆನ್ನುತ್ತಿತ್ತು. ಎಡಕ್ಕೆ ವಾಲಿದ್ದರಿಂದ ತೆಗೆಯಬೇಕಾದರೆ ಎರಡು ಕೈಯಿಂದ ಎತ್ತಿ ನೂಕಬೇಕು. ಗೃಹಪ್ರವೇಶಕ್ಕೆ ಬಂದವರೆಲ್ಲ ಅದನ್ನು ಮೂಸಿ ನೋಡಿಯೇ ಒಳಗೆ ಬಂದರು. ದಾರಿಹೋಕರಿಬ್ಬರು ಹೋಟೆಲೆಂದು ತಿಳಿದು ಜಗಲಿಯ ಮೇಲೆ ಕೂತು ಎರಡು ಕಾಫಿ ಹೇಳಿದರು. ಅತ್ತೆ ಅವರಿಗೂ ಪಾಯಸ ಬಡಿಸಿದರು. ನಮ್ಮವರು ಕ್ಲಾರಿಯೋನೆಟ್ ಊದಿದರು. ಹಾಲು ಉಕ್ಕಿದ ಮೇಲೆ ಅತ್ತೆ ಪಡಸಾಲೆಯ ಗೋಡೆಗೆ ಮೊಳೆ ಹಿಡಿದು ಸುತ್ತಿಗೆ ಎತ್ತಿದರು. ಮೂರು ಸಲ ಬೆರಳಿಗೆ ಬಡಿದುಕೊಂಡರು, ಯಾರಿಗೂ ಸುತ್ತಿಗೆ ಕೊಡಲಿಲ್ಲ. ಕೊನೆಗೆ ಮಾವನವರು ಗೋಡೆ ಹತ್ತಿದರು. ಫೋಟೋ ಸ್ವಲ್ಪ ಓರೆಯಾಗಿತ್ತು. ಅತ್ತೆ ದೂರ ನಿಂತು ನೋಡಿ, "ಸರಿಯಾಗಿದೆ. ಬದುಕಿದ್ದಾಗ್ಲೂ ಹೀಗೇ ನಿಲ್ತಿದ್ರು," ಎಂದರು.

ಆ ರಾತ್ರಿ ನಾನು ಅತ್ತೆಯ ಪಕ್ಕದಲ್ಲೇ ಹಾಸಿಕೊಂಡು ಅವರ ಉಸಿರು ಕೇಳುತ್ತಾ ಮಲಗಿದೆ. ಬೆಳಗಿನ ಜಾವದಲ್ಲಿ ಎಲ್ಲೋ ಕಣ್ಣು ಹತ್ತಿತು. ಎದ್ದು ನೋಡಿದರೆ ಬಿಸಿಲು ಬಂದಿತ್ತು, ಪಕ್ಕದ ಹಾಸಿಗೆ ಬರಿದಾಗಿತ್ತು. ಅಡುಗೆಮನೆ ನೋಡಿದೆ, ಬಚ್ಚಲು ನೋಡಿದೆ, ಎರಡೂ ಜಗಲಿ ನೋಡಿದೆ. ಅಷ್ಟು ಭಾರದ ಬಾಗಿಲು ಹಾರುಹೊಡೆದಿತ್ತು. ನಮ್ಮವರನ್ನು ಎಬ್ಬಿಸಲೂ ತೋಚದೆ, ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಓಡಿದೆ.

ಮೊದಲನೇ ಬಸ್ ತಂಗುದಾಣದ ಮನೆಯವಳು ಪಾತ್ರೆ ಬೆಳಗುತ್ತಿದ್ದಳು. "ಚಿಕ್ಕತಾಯಮ್ಮನೋರಾ? ಇಲ್ಲೇ ಸ್ವಲ್ಪ ಕೂತಿದ್ದು ಮುಂದಕ್ಕೆ ಹೋದ್ರಲ್ಲ," ಎಂದಳು. ಮುಂದಿನ ತಂಗುದಾಣದಲ್ಲೂ ಕೂತಿದ್ದರಂತೆ. ಅಲ್ಲಿ ಒಂದು ಇಡ್ಲಿ ತಿಂದರಂತೆ. ಅದರ ಮುಂದಿನದರಲ್ಲಿ ಮಗುವಿನ ತೊಟ್ಟಿಲು ತೂಗಿ ಎದ್ದರಂತೆ. ಹೀಗೆ ನಮ್ಮತ್ತೆ ಹತ್ತು ಹೆಜ್ಜೆಗೊಂದು ಸಂಸಾರದಲ್ಲಿ ಕೂತು ಸುಧಾರಿಸಿಕೊಳ್ಳುತ್ತಾ ಹೋದ ದಾರಿಯಲ್ಲೇ ನಾನೂ ಓಡಿದೆ. ಆ ದಾರಿ ಬೋರಲಿಂಗಯ್ಯನವರ ಅಂಗಡಿಗೆ ಹೋಗಿ ಮುಟ್ಟಿತು.

ಅಂದು ಸೋಮವಾರ, ಪಾರ್ಸಲ್ ಲಾರಿ ಬಂದು ಹೋಗಿತ್ತು. ಜನ ಸರದಿ ಬಿಟ್ಟು ಗುಂಪುಗೂಡಿದ್ದರು. ಸೈಕಲ್ ಶಾಪಿನವರು ಪಂಪು ಕೈಯಲ್ಲಿ ಹಿಡಿದೇ ನಿಂತಿದ್ದರು. ನಡುವೆ ಸ್ಟೂಲಿನ ಮೇಲೆ ನಮ್ಮತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬಣ್ಣದ ಪುಸ್ತಕದ ಕೊನೇ ಹಾಳೆಯನ್ನು ಆ ಬೆರಳಿನಿಂದಲೇ ಕುಟ್ಟುತ್ತಿದ್ದರು. ಜೋಡಿ ಜಗಲಿ ಮನೆಯ ಮೇಲೆ ಕೂರಿಸುವ ಮಹಡಿಯ ಚಿತ್ರ ಅದು, ಸುತ್ತಲೂ ಕಂಬಿಗಳ ಕಟಾಂಜನ ಇದ್ದದ್ದು.

"ಅಮ್ಮಾ, ನನ್ ಮಾತು ಕೇಳಿ," ಎಂದು ಬೋರಲಿಂಗಯ್ಯ ಗೋಗರೆಯುತ್ತಿದ್ದರು. "ಅದು ಬರೀ ಚಿತ್ರ. ಕಂಪನಿಯೋರು ಅಚ್ಚು ಮಾಡೋಕೆ ಇನ್ನೂ ಯೋಚ್ನೇನೂ ಮಾಡಿಲ್ಲ. ಆರು ವರ್ಷ ಆಗುತ್ತೋ, ಎಂಟು ಆಗುತ್ತೋ. ನಾನು ಸುಳ್ಳು ಹೇಳಲ್ಲ."

"ಆಗ್ಲಿ. ಬರ್ಕೋ."

ಬೋರಲಿಂಗಯ್ಯ ಗುಂಪಿನಲ್ಲಿ ನನ್ನನ್ನು ಕಂಡರು. ಉಸಿರು ಬಿಟ್ಟು ಪೆನ್ನು ತೆಗೆದರು. "ಅಷ್ಟು ವರ್ಷದ ಮಾತು ಅಂದ್ಮೇಲೆ ಸೊಸೆ ಹೆಸರಿಗೇ ಬರೀಲಾ ಅಮ್ಮಾ?"

"ಅವಳ ಹೆಸರಿಗ್ಯಾಕೆ? ಅವಳ ಕೈಗೆ ಕೊಟ್ರೆ ಬಚ್ಚಿಡ್ತಾಳೆ," ಎಂದರು ಅತ್ತೆ. "ಚಿಕ್ಕತಾಯಮ್ಮ ಅಂತ ಬರಿ. ಬಂದಾಗ ನಾನೇ ಬಂದು ತಗೋತೀನಿ."

ಗುಂಪಿನಲ್ಲಿ ಯಾರೂ ನಗಲಿಲ್ಲ. ಬೋರಲಿಂಗಯ್ಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡರು. ನಾನು ಸೈಕಲ್ ಶಾಪಿನ ಕಂಬ ಹಿಡಿದುಕೊಂಡು, ಎಲ್ಲರ ಎದುರಿಗೂ ಗೊಳೋ ಎಂದು ಅತ್ತುಬಿಟ್ಟೆ. ಆಗ ಅತ್ತೆ ನನ್ನ ಕಡೆ ತಿರುಗಿ, ಕಷ್ಟಪಟ್ಟು ಎದ್ದು ಸ್ಟೂಲು ಬಿಟ್ಟುಕೊಟ್ಟರು.

"ಏನೇ ನಿಂತ್ಕೊಂಡು ನೋಡ್ತಿದ್ದೀಯ? ಎಂಟು ವರ್ಷ ಆಗುತ್ತಂತೆ. ನಂಗೆ ಉಸಿರು ಸಾಲ್ದು. ಬಾ, ನೀನು ಬಯ್ಯಿ."

ನಾನು ಕಣ್ಣೊರೆಸಿಕೊಂಡು, ಸ್ಟೂಲಿನ ಮೇಲೆ ಕೂತು, ಬಯ್ಯಲು ಶುರು ಮಾಡಿದೆ.